ಅಂಗೈಯ ಬರಹ, ಬೆತ್ತದ ಲೆಕ್ಕ: 1823ರ ಬಳ್ಳಾರಿ ಶಾಲೆಗಳು ಮತ್ತು ಕಲಿಕೆಯ ನಿಯಮಗಳು

ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರ ಜೂನ್ 25ರಂದು ಪ್ರಾಂತ್ಯದ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸುವಂತೆ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಮರುವರ್ಷ ಆಗಸ್ಟ್ 17ರಂದು ಕಳುಹಿಸಿದ ವರದಿ ಆ ವಿಚಾರಣೆಗೆ ಬಂದ ಉತ್ತರಗಳಲ್ಲೆಲ್ಲ ಅತ್ಯಂತ ವಿವರವಾದವುಗಳಲ್ಲೊಂದು. ಸಿರುಗುಪ್ಪ, ಕುರುಗೋಡುಗಳನ್ನಲ್ಲದೆ ಇಂದಿನ ಅನಂತಪುರದ ಸೀಮೆಯನ್ನೂ ಒಳಗೊಂಡಿದ್ದ ಆ ವಿಶಾಲ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದವರು 6,641 ಮಂದಿ, ಅವರಲ್ಲಿ ಹುಡುಗಿಯರು ಕೇವಲ 60. ಈ ಅಂಕಿಗಳನ್ನು ಇತಿಹಾಸಕಾರರು ಬಹುವಾಗಿ ಚರ್ಚಿಸಿದ್ದಾರೆ. ನಾವು ಇಲ್ಲಿ ಗಮನಿಸಬೇಕೆಂದಿರುವುದು ಅದೇ ವರದಿಯಲ್ಲಿ ಬರುವ ಒಂದು ಸಣ್ಣ ಪದ್ಧತಿಯನ್ನು.

ಶಾಲೆ ಬೆಳಗಿನ ಆರು ಗಂಟೆಗೆ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಅನಂತರ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸರಾಸರಿ ಹನ್ನೆರಡು ಮಕ್ಕಳಿದ್ದ ಶಾಲೆಯಲ್ಲಿ ಕೊನೆಯವನ ಪಾಲಿಗೆ ಹತ್ತು ಪೆಟ್ಟು ಬೀಳುತ್ತಿತ್ತೆಂದಾಯಿತು. ಸೋಮಾರಿಗಳಿಗೆ ಇದಲ್ಲದೆ ಬೇರೆ ಶಿಕ್ಷೆಗಳೂ ಇದ್ದವು: ಎಡೆಬಿಡದೆ ಬಸ್ಕಿ ಹೊಡೆಸುವುದು, ನಮ್ಮ ಹಿರಿಯರು ಕೋದಂಡವೆಂದು ಕರೆಯುತ್ತಿದ್ದಂತೆ ಕೈಗಳನ್ನು ಕಟ್ಟಿ ಮಾಡಿಗೆ ತೂಗುಹಾಕುವುದು.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪ್ರಯೋಗಗಳು ಪ್ರಕಟವಾದದ್ದು 1898ರಲ್ಲಿ. ತೃಪ್ತಿ ತರುವ ಕ್ರಿಯೆ ನೆಲೆಗೊಳ್ಳುತ್ತದೆ, ಬಾಧೆ ತರುವ ಕ್ರಿಯೆ ಸಡಿಲವಾಗುತ್ತದೆ ಎಂಬ ಪರಿಣಾಮ ನಿಯಮವು ಅವುಗಳಿಂದ ಹುಟ್ಟಿತು. ಮುಂದೆ ಬಿ. ಎಫ್. ಸ್ಕಿನ್ನರ್ ಇದನ್ನೇ ಪುನರ್ಬಲನದ ಸಿದ್ಧಾಂತವಾಗಿ ಬೆಳೆಸಿದನು. ಬಳ್ಳಾರಿಯ ಐಗಳಿಗೆ ಈ ನಿಯಮದ ಅನುಭವ ಚೆನ್ನಾಗಿಯೇ ಇತ್ತೆನ್ನಬೇಕು. ಆದರೆ 1930ರ ದಶಕದ ಆರಂಭದಲ್ಲಿ ಥಾರ್ನ್‌ಡೈಕನೇ ತನ್ನ ನಿಯಮದ ಎರಡನೆಯ ಅರ್ಧವನ್ನು ತಿದ್ದಿಕೊಂಡನು: ಬಹುಮಾನವು ಕಲಿಕೆಯನ್ನು ಬಲಪಡಿಸುವಷ್ಟು ದಂಡನೆಯು ತಪ್ಪನ್ನು ಅಳಿಸುವುದಿಲ್ಲ.

ಏಕೆ ಅಳಿಸುವುದಿಲ್ಲವೆಂಬುದನ್ನು ಅಂಗೈಯ ಲೆಕ್ಕದಿಂದಲೇ ತಿಳಿಯಬಹುದು. ದಿನಕ್ಕೆ ಒಬ್ಬನಿಗೆ ಮಾತ್ರ ಗೌರವ. ಶಾಲೆಯ ಪಕ್ಕದ ಮನೆಯವನಿಗೆ ಅದು ಸುಲಭ. ದನಗಳಿಗೆ ಮೇವು ಹಾಕಿ ಬರಬೇಕಾದವನಿಗೆ ಎಂದಿಗೂ ಸಿಗದು. ಇವನಿಗೆ ಪೆಟ್ಟನ್ನು ತಪ್ಪಿಸಿಕೊಳ್ಳಲು ಎರಡು ದಾರಿಗಳು: ಬೇಗ ಬರುವುದು ಅಥವಾ ಬಾರದಿರುವುದು. ಎರಡನೆಯ ದಾರಿಯೂ ಪೆಟ್ಟಿನಿಂದ ಬಿಡುಗಡೆಯೆಂಬ ಫಲವನ್ನು ಕೊಡುವುದರಿಂದ ಅದೂ ಕಲಿಕೆಯಾಗಿ ಗಟ್ಟಿಗೊಳ್ಳುತ್ತದೆ. ಇದಕ್ಕೆ ಪಾವ್ಲೋವನು ತೋರಿಸಿಕೊಟ್ಟ ಅನುಬಂಧನವನ್ನೂ ಸೇರಿಸಬೇಕು. ಆಹಾರದೊಡನೆ ಮತ್ತೆ ಮತ್ತೆ ಕೇಳಿಸಿದ ಶಬ್ದವೊಂದಕ್ಕೇ ನಾಯಿ ಜೊಲ್ಲು ಸುರಿಸುವಂತೆ, ಬೆತ್ತದೊಡನೆ ನಿತ್ಯವೂ ಕಂಡ ಹೊಸ್ತಿಲು, ಹಲಗೆ, ಐಗಳ ಧ್ವನಿ ಇವೆಲ್ಲವೂ ಭಯದ ಸಂಕೇತಗಳಾಗುತ್ತವೆ. ಅಕ್ಷರವನ್ನು ಕಲಿಸುವ ಜಾಗದಲ್ಲಿ ಅಕ್ಷರದ ಅಂಜಿಕೆಯೂ ಜೊತೆಗೇ ಕಲಿಸಲ್ಪಡುತ್ತದೆ.

ಕ್ಯಾಂಪ್‌ಬೆಲ್ ಈ ದಂಡನೆಗಳನ್ನು ಕಠಿಣವೆಂದನು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತ ತಮ್ಮ ಜ್ಞಾನವನ್ನು ದೃಢಪಡಿಸಿಕೊಳ್ಳುವ ಕ್ರಮವನ್ನು ಮಾತ್ರ ಮೆಚ್ಚಿ, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದನು. ಮದ್ರಾಸಿನ ಅನಾಥಾಲಯದಲ್ಲಿ ಈ ಕ್ರಮವನ್ನು ನಡೆಸಿ 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದ ಆಂಡ್ರ್ಯೂ ಬೆಲ್ ಆಂಗ್ಲಿಕನ್ ಪಾದ್ರಿ. ಇದೇ ಬಗೆಯ ಶಾಲೆಗಳನ್ನು ಹರಡಿದ ಜೋಸೆಫ್ ಲ್ಯಾಂಕಾಸ್ಟರ್ ಕ್ವೇಕರ್ ಪಂಥದವನು. ಲ್ಯಾಂಕಾಸ್ಟರನಿಗೆ ಬೆತ್ತ ಬೇಡವಾಗಿತ್ತು. ಆದರೂ ತಪ್ಪಿತಸ್ಥ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಎಲ್ಲರ ಕಣ್ಣೆದುರು ಮಾಡಿಗೆ ತೂಗುಹಾಕುವ ಶಿಕ್ಷೆ ಅವನಲ್ಲಿತ್ತು. ಕೋದಂಡವನ್ನು ಅನಾಗರಿಕವೆಂದು ಬರೆಯುವವರು ಈ ಬುಟ್ಟಿಯನ್ನು ಮರೆಯಬಾರದು.

ವರದಿಯ ಇನ್ನೊಂದು ಆಕ್ಷೇಪವು ನಮಗೆ ಹೆಚ್ಚು ಹತ್ತಿರದ್ದು. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸುತ್ತಾರೆ, ಅರ್ಥವನ್ನು ಮಾತ್ರ ಗಿಳಿಗಿಂತ ಹೆಚ್ಚು ಅರಿಯರು ಎಂದು ಕ್ಯಾಂಪ್‌ಬೆಲ್ ದೂರಿದನು. ಅದೇ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಸತ್ಯವೇದವನ್ನು ಭಾಷಾಂತರಿಸುವ ಕೆಲಸದಲ್ಲಿ ತೊಡಗಿದ್ದನು. ಕೇಳುವವರು ಅರ್ಥಮಾಡಿಕೊಳ್ಳಲಿ ಎಂಬುದೇ ಆ ಶ್ರಮದ ಉದ್ದೇಶ. ಆದರೆ ಆ ವಾಕ್ಯವನ್ನು ಮಕ್ಕಳ ಬಾಯಲ್ಲಿಡಲು ನಮ್ಮ ಸಭೆಗಳು ಬಳಸಿದ ಸಾಧನಗಳು ಪ್ರಶ್ನೋತ್ತರಮಾಲೆ, ಕಂಠಪಾಠ, ಬಹುಮಾನದ ಚೀಟಿ. ಕಂಠಪಾಠವನ್ನು ನಾವು ಹಳಿಯುವುದಿಲ್ಲ. ಬಾಲ್ಯದಲ್ಲಿ ಕಲಿತ ಕೀರ್ತನೆಯು ಮರಣಶಯ್ಯೆಯಲ್ಲಿ ನೆನಪಿಗೆ ಬರುವುದನ್ನು ಸಭಾಪಾಲಕರೆಲ್ಲರೂ ಕಂಡಿದ್ದಾರೆ. ನಾವು ಕೇಳುವುದಿಷ್ಟೆ: ವಾಕ್ಯದೊಡನೆ ಮಗುವಿನ ಮನಸ್ಸಿನಲ್ಲಿ ಇನ್ನೇನು ಜೋಡಣೆಯಾಗುತ್ತಿದೆ? ಒಪ್ಪಿಸಲಾರದೆ ಎಲ್ಲರೆದುರು ತಲೆತಗ್ಗಿಸಿ ನಿಂತ ಮಗುವಿಗೆ ಕೃಪೆಯ ವಾಕ್ಯವೇ ಅವಮಾನದ ಸಂಕೇತವಾಗಬಹುದು. ದೃಢೀಕರಣದ ತರಗತಿ ಮುಗಿದೊಡನೆ ಕಾಣೆಯಾಗುವ ಯುವಕರನ್ನು ಕುರಿತು ಅವಿಶ್ವಾಸವೆಂಬ ತೀರ್ಪು ಕೊಡುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸುವುದು ನ್ಯಾಯ.

ಪರಿಶೀಲಿಸುವಾಗ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಕ್ಯಾಂಪ್‌ಬೆಲ್ ಮುಖ್ಯವಾಗಿ ಬಡತನವನ್ನೇ ಕಾರಣವೆಂದನು: ಯೂರೋಪಿನ ಬಟ್ಟೆಯಿಂದ ನೇಕಾರರು ಕಂಗಾಲಾದರು, ಎಳೆಯ ಕೈಗಳು ದುಡಿಮೆಗೆ ಬೇಕಾದವು. ಇಂದಿಗೂ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಕೂಲಿಗೆ ಹೊರಡುವ ಮನೆಯ ಮಗು ಭಾನುವಾರದ ತರಗತಿಗೆ ತಡವಾಗಿ ಬಂದರೆ, ಅದು ತಡವಾದದ್ದು ಅಶ್ರದ್ಧೆಯಿಂದಲೇ ಎಂದು ಹೇಳಲಾಗದು. 1823ರಲ್ಲಿ ಹತ್ತು ಪೆಟ್ಟು ತಿಂದ ಹುಡುಗನನ್ನೂ, ಅವನು ಯಾವ ಕೆಲಸ ಮುಗಿಸಿ ಬಂದನೆಂದು, ಬೆತ್ತವು ಕೇಳಲಿಲ್ಲ.