ಕೊಳವೆಬಾವಿ ಮೋಟಾರಿನ ಕೇಬಲ್

ಕೊಳವೆಬಾವಿಯಲ್ಲಿ ಮುಳುಗಿರುವ ತ್ರೀ ಫೇಸ್ ಮೋಟಾರಿಗೆ ಸ್ಟಾರ್ಟರ್‌ನಿಂದ ವಿದ್ಯುತ್ ಒಯ್ಯುವ, ಮೂರು ತಾಮ್ರದ ಕೋರ್‌ಗಳ ಚಪ್ಪಟೆ ಪಿ.ವಿ.ಸಿ. ಕೇಬಲ್. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸುತ್ತಿನ ತೆಂಗಿನ ತೋಟಗಳಲ್ಲಿ ಬಳಕೆಯಲ್ಲಿದೆ.

ಕೇಬಲ್ಲಿನ ತಂತಿಯ ಅಳತೆಯನ್ನು ಮೋಟಾರಿನ ಅಶ್ವಶಕ್ತಿಯ ಜೊತೆಗೆ ಬಾವಿಯ ಆಳವೂ ನಿರ್ಧರಿಸುತ್ತದೆ. ಉದ್ದ ಹೆಚ್ಚಿದಂತೆ ವೋಲ್ಟೇಜ್ ಕುಸಿದು, ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯಿಲ್ ಬಿಸಿಯಾಗುತ್ತದೆ. 2.5ರ ಬದಲು 4 ಚದರ ಮಿ.ಮೀ. ತಂತಿ ಹಾಕಿದರೆ ಈ ಕುಸಿತ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ.

ನೀರಿನೊಳಗಿನ ಜೋಡಣೆಯೇ ಇದರ ಸೂಕ್ಷ್ಮ ಭಾಗ. ಮೂರು ಕೋರ್‌ಗಳನ್ನು ಬೇರೆಬೇರೆ ಉದ್ದಕ್ಕೆ ಕತ್ತರಿಸಿ, ತಾಮ್ರದ ಕೊಳವೆಯಲ್ಲಿ ಒತ್ತಿ, ಒಂದೊಂದಕ್ಕೂ ರಬ್ಬರ್ ಟೇಪ್, ಅದರ ಮೇಲೆ ಪಿ.ವಿ.ಸಿ. ಟೇಪ್ ಸುತ್ತುತ್ತಾರೆ. ಜೋಡಣೆಯನ್ನು ನೀರಿನಲ್ಲಿ ಮುಳುಗಿಸಿ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಿಂದ ಪರೀಕ್ಷಿಸಿದ ಬಳಿಕವೇ ಪಂಪನ್ನು ಇಳಿಸಬೇಕು.

ಮೇಲೆ, ಸ್ಟಾರ್ಟರ್ ಪ್ಯಾನೆಲ್‌ನಲ್ಲಿ ಕೇಬಲ್ಲಿನ ತುದಿಗಳಿಗೆ ಲಗ್ ಒತ್ತಿ ಬಿಗಿಯುತ್ತಾರೆ. ಯಾವುದೇ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಹಿಮ್ಮುಖವಾಗಿ ತಿರುಗುತ್ತದೆ.