ರೊಟ್ಟಿಪುಡಿಯ ಒಗ್ಗರಣೆ ಮತ್ತು ಸೋಮನಾಥಪುರದ ತೆನೆ



ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ನವೆಂಬರಿನಲ್ಲಿ ಪತ್ರ ಬರೆದಿದ್ದಳು. ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಮುಸುಕಿನ ಜೋಳದ ಹಿಟ್ಟಿನ ಬ್ರೆಡ್ಡನ್ನು ಪುಡಿಮಾಡಿ, ಈರುಳ್ಳಿ, ಸೆಲರಿ ದಂಟು, ಸೇಜ್ ಎಂಬ ಸುವಾಸನೆಯ ಎಲೆ ಬೆರೆಸಿ, ಮಾಂಸ ಅಥವಾ ತರಕಾರಿ ಬೇಯಿಸಿದ ರಸದಲ್ಲಿ ನೆನೆಸಿ, ಓವನ್ನಿನಲ್ಲಿ ಬೇಯಿಸಿ ಊಟದ ಜೊತೆಗೆ ಬಡಿಸುತ್ತಾರಂತೆ. ಅದರ ಹೆಸರು ‘ಡ್ರೆಸಿಂಗ್’. “ಸರ್, ಮುಸುಕಿನ ಜೋಳ ನಮ್ಮದೇ ಎಂದು ಸೋಮನಾಥಪುರದಲ್ಲಿ ತೋರಿಸಿದ್ದಿರಲ್ಲವೇ? ಇವರು ತಮ್ಮದೆನ್ನುತ್ತಾರೆ” ಎಂಬುದು ಅವಳ ಪ್ರಶ್ನೆ.

ಉತ್ತರವನ್ನು ಅವಳೊಬ್ಬಳಿಗೇ ಬರೆದರೆ ಸಾಲದು. ತಪ್ಪು ಹೇಳಿದ್ದು ಇಡೀ ತರಗತಿಗೆ.

ಮೊದಲು ಅಡಿಗೆಯ ಮಾತು. ನಂಜನಗೂಡಿನ ನಮ್ಮ ಮನೆಯಲ್ಲಿ ಅಮ್ಮ ಮುಸುಕಿನ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ ರೊಟ್ಟಿ ತಟ್ಟುತ್ತಿದ್ದರು. ಗೋಧಿಯಲ್ಲಿರುವ ಅಂಟು ಈ ಹಿಟ್ಟಿನಲ್ಲಿಲ್ಲ. ಆರಿದ ರೊಟ್ಟಿ ಬಿರಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಉಳಿದದ್ದನ್ನು ಮರುದಿನ ಕೈಯಲ್ಲೇ ಪುಡಿಮಾಡಿ, ಸಾಸಿವೆ, ಉದ್ದಿನಬೇಳೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮಜ್ಜಿಗೆ ಚಿಮುಕಿಸಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಹಬೆಯಾಡಿಸುವರು. ಅನ್ನ ಸಾರಿನ ಪಕ್ಕದಲ್ಲಿ ಅದೊಂದು ಹಿಡಿ. ಹಿಟ್ಟಿನ ಗುಣ ಒಂದೇ ಆದ್ದರಿಂದ ಎರಡು ದೇಶಗಳ ಗೃಹಿಣಿಯರಿಗೂ ಒಂದೇ ಉಪಾಯ ಹೊಳೆದಿರಬೇಕು.

ಇನ್ನು ತಪ್ಪಿನ ವಿಚಾರ. ನಾನು ತಿ. ನರಸೀಪುರದಲ್ಲಿ ಅಧ್ಯಾಪಕನಾಗಿದ್ದಾಗ ಮಕ್ಕಳನ್ನು ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಕರೆದೊಯ್ಯುತ್ತಿದ್ದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಕೆಲವು ಶಿಲ್ಪಗಳ ಕೈಯಲ್ಲಿ ಸಾಲು ಸಾಲು ಕಾಳು ಕೂಡಿಸಿದಂತಹ ಉದ್ದನೆಯ ವಸ್ತುವಿದೆ. ಥಟ್ಟನೆ ನೋಡಿದರೆ ಸುಲಿದ ಜೋಳದ ತೆನೆಯೇ! 1989ರಲ್ಲಿ ಅಮೆರಿಕದ ಕಾರ್ಲ್ ಜೋಹಾನೆಸನ್ ಮತ್ತು ಆನ್ ಪಾರ್ಕರ್ ಎಂಬ ವಿದ್ವಾಂಸರು, ಇದು ತೆನೆಯೇ, ಆದ್ದರಿಂದ ಕೊಲಂಬಸನಿಗೆ ಮೊದಲೇ ಮುಸುಕಿನ ಜೋಳ ಭಾರತದಲ್ಲಿತ್ತು ಎಂದು ವಾದಿಸಿದರು. ಪತ್ರಿಕೆಯೊಂದರಲ್ಲಿ ಆ ಸುದ್ದಿ ಓದಿ ಹಿಗ್ಗಿದವನು ನಾನು. ವರ್ಷ ವರ್ಷವೂ ಬೆರಳು ಮಾಡಿ ತೋರಿಸಿದೆ.

1993ರಲ್ಲಿ ಪಾಯಕ್ ಮತ್ತು ಸಚಾನ್ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ಖಂಡಿಸಿದ್ದರು. ಅದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಶಿಲ್ಪದಲ್ಲಿರುವುದು ಮುತ್ತುಗಳಿಂದ ಕೂಡಿದ ಕಲ್ಪಿತ ಫಲ, ‘ಮುಕ್ತಾಫಲ’ ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಮೈತುಂಬ ಮುತ್ತಿನ ಹಾರ ಹೊತ್ತ ಆ ಮೂರ್ತಿಗಳನ್ನು ನೋಡಿದವರಿಗೆ ಇದು ಒಪ್ಪುವಂತಹ ಮಾತು. ಮುಸುಕಿನ ಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಬೇಸಾಯಕ್ಕೆ ತಂದವರು ಮೆಕ್ಸಿಕೋದ ಜನ. ಅದು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಕಡೆಗೆ ಬಂದಿತೆಂಬುದೇ ಬಹುಮಾನ್ಯವಾದ ಅಭಿಪ್ರಾಯ.

ಕನ್ನಡ ಬಲ್ಲ ನಾನು ಹೆಸರನ್ನಾದರೂ ಗಮನಿಸಬೇಕಿತ್ತು. ಹಳಗನ್ನಡದಲ್ಲಿ ‘ಜೋಳವಾಳಿ’ ಎಂದರೆ ಉಂಡ ಜೋಳದ ಋಣ, ಒಡೆಯನಿಗಾಗಿ ಪ್ರಾಣ ಕೊಡುವ ನಿಷ್ಠೆ. ಆ ಜೋಳ ನಮ್ಮ ಹಳೆಯ ಬಿಳಿಜೋಳವೇ. ಆಮೇಲೆ ಬಂದದ್ದಕ್ಕೆ ಬೇರೆ ಹೆಸರಿಲ್ಲದೆ, ತೆನೆಯ ಸಿಪ್ಪೆಯನ್ನು ನೋಡಿ ಮೈಸೂರು ಸೀಮೆಯವರು ಮುಸುಕಿನ ಜೋಳ ಎಂದರು. ಉತ್ತರದವರು ಗೋವಿನ ಜೋಳ ಎಂದರು.

ಅಮ್ಮನ ಒಗ್ಗರಣೆಯ ಮೆಣಸಿನಕಾಯಿಯೂ, ಅದಕ್ಕೆ ಬಳಸಿದ ಕಡಲೆಕಾಯಿ ಎಣ್ಣೆಯೂ ಅಮೆರಿಕ ಖಂಡದಿಂದಲೇ ಬಂದ ವಸ್ತುಗಳು! ಸಾಸಿವೆ, ಕರಿಬೇವು, ಮಜ್ಜಿಗೆಗಳು ಇಲ್ಲಿಯ ಹಳಬರು.

ಇದೆಲ್ಲವನ್ನೂ ಅವಳಿಗೆ ಬರೆದು, ಅಮ್ಮನ ಒಗ್ಗರಣೆಯ ಕ್ರಮವನ್ನೂ ಸೇರಿಸಿದೆ. ನೆರೆಮನೆಯವರಿಂದ ಉಳಿದ ಬ್ರೆಡ್ ತಂದು ಮಾಡಿದಳಂತೆ. ಬ್ರೆಡ್ಡಿನಲ್ಲಿ ಸಕ್ಕರೆ ಇದ್ದುದರಿಂದ ಮೆಣಸಿನಕಾಯಿ ಎರಡು ಹೆಚ್ಚು ಬೇಕಾಯಿತೆಂದು ಬರೆದಿದ್ದಾಳೆ.