ಯಂತ್ರದ ವೇಷ ತೊಟ್ಟ ಮನುಷ್ಯ

ದೂರದರ್ಶನದ ಇತಿಹಾಸವೆಂದಾಗ ನಮಗೆ ನೆನಪಾಗುವುದು ಕೆಲವು ಧಾರಾವಾಹಿಗಳು, ಕ್ರಿಕೆಟ್ ಪಂದ್ಯಗಳು ಮತ್ತು ದಿನವೂ ಕಂಡು ಪರಿಚಿತರಾದ ವಾರ್ತಾವಾಚಕರ ಮುಖಗಳು. ಆದರೆ ಈ ಇತಿಹಾಸದಲ್ಲಿ ಒಂದು ವಿಚಿತ್ರ ಮುಖಕ್ಕೂ ಸ್ಥಾನವಿದೆ. ಅದಕ್ಕೆ ಊರಿಲ್ಲ, ಕುಟುಂಬವಿಲ್ಲ, ಎದೆಯಿಂದ ಕೆಳಗೆ ದೇಹವೂ ಇಲ್ಲ. ಪ್ಲಾಸ್ಟಿಕ್ಕಿನಂತೆ ಹೊಳೆಯುವ ಕೆನ್ನೆ, ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಕೂದಲು, ಮಾತಿನ ಮಧ್ಯೆ ಒಂದೇ ಅಕ್ಷರದಲ್ಲಿ ಸಿಕ್ಕಿಕೊಂಡು ತಡವರಿಸುವ ಧ್ವನಿ, ಹಿನ್ನೆಲೆಯಲ್ಲಿ ಸದಾ ತಿರುಗುತ್ತಿರುವ ಬಣ್ಣದ ಗೆರೆಗಳು. ಹೆಸರು ಮ್ಯಾಕ್ಸ್ ಹೆಡ್‌ರೂಮ್. 1985ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಕಾಣಿಸಿಕೊಂಡ ಈತನನ್ನು ಕಂಪ್ಯೂಟರ್ ಸೃಷ್ಟಿಸಿದ ಟಿವಿ ನಿರೂಪಕ ಎಂದು ಜನರಿಗೆ ಪರಿಚಯಿಸಲಾಯಿತು. ಬಹಳಷ್ಟು ಮಂದಿ ಅದನ್ನು ನಂಬಿದರು. ನಿಜ ಸಂಗತಿ ಬೇರೆಯೇ ಇತ್ತು.

ಕಂಪ್ಯೂಟರ್ ಸುದ್ದಿ ಓದುವ, ಸತ್ತ ಕಲಾವಿದರ ಧ್ವನಿಯಲ್ಲಿ ಹಾಡುವ, ಯಾರದೋ ಬಾಯಿಯಲ್ಲಿ ಯಾರದೋ ಮಾತು ಇಡುವ ಕಾಲಕ್ಕೆ ನಾವು ಬಂದು ತಲುಪಿರುವಾಗ, ನಾಲ್ಕು ದಶಕಗಳ ಹಿಂದಿನ ಈ ಪಾತ್ರದ ಕಥೆಯನ್ನು ಒಮ್ಮೆ ತಿರುವಿ ನೋಡುವುದು ಉಪಯುಕ್ತವೆಂದು ನಮಗನಿಸುತ್ತದೆ.

ಹಾಡುಗಳ ನಡುವಿನ ಖಾಲಿ ಜಾಗ

1981ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಎಂಟಿವಿ ಆರಂಭವಾದ ಬಳಿಕ ಹಾಡುಗಳ ವೀಡಿಯೋ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. 1982ರ ನವೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ ಚಾನೆಲ್ 4ಕ್ಕೂ ಅಂಥ ಒಂದು ಕಾರ್ಯಕ್ರಮ ಬೇಕಾಗಿತ್ತು. ಆದರೆ ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಮಾತಾಡಲು ಯಾರಾದರೂ ಬೇಕಲ್ಲ? ಆ ಖಾಲಿ ಜಾಗವನ್ನು ತುಂಬಲು ಹುಟ್ಟಿದವನೇ ಮ್ಯಾಕ್ಸ್. ಜಾರ್ಜ್ ಸ್ಟೋನ್, ರಾಕಿ ಮಾರ್ಟನ್ ಮತ್ತು ಆನಬೆಲ್ ಜಾಂಕೆಲ್ ಎಂಬ ಮೂವರು ಅವನನ್ನು ಕಲ್ಪಿಸಿದರು. ಪೀಟರ್ ವ್ಯಾಗ್ ನಿರ್ಮಾಪಕರಾಗಿದ್ದರು. ಸೂಟು ತೊಟ್ಟು, ಹಲ್ಲು ತೋರಿಸಿ, ತನಗೆ ಎಲ್ಲವೂ ಗೊತ್ತು ಎಂಬ ಧಾಟಿಯಲ್ಲಿ ಮಾತಾಡುವ ಟಿವಿ ನಿರೂಪಕರನ್ನು ಗೇಲಿ ಮಾಡುವುದು ಅವರ ಉದ್ದೇಶ. ಅಂಥ ನಿರೂಪಕ ಹೇಗೂ ಯಂತ್ರದಂತೆಯೇ ವರ್ತಿಸುತ್ತಾನೆ. ಹಾಗಾದರೆ ಯಂತ್ರವನ್ನೇ ಅಲ್ಲಿ ಕೂರಿಸಿದರೆ ಹೇಗೆ ಎಂಬುದು ಆ ಗೇಲಿಯ ತಿರುಳು.

ಆದರೆ ಆ ಕಾಲದ ಕಂಪ್ಯೂಟರ್‌ಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಸಾಗಬೇಕು. ಮಾತಾಡುವ, ನಗುವ, ಹುಬ್ಬು ಹಾರಿಸುವ ಒಂದು ಮುಖವನ್ನು ಅಷ್ಟು ಚಿತ್ರಗಳಲ್ಲಿ ವಾರವಾರವೂ ಗಣಕದಿಂದ ತಯಾರಿಸುವುದು ಅಂದಿನ ಟಿವಿ ಕಾರ್ಯಕ್ರಮದ ಖರ್ಚಿನಲ್ಲಿ ಆಗದ ಮಾತು. ಹಾಗಾಗಿ ಮ್ಯಾಟ್ ಫ್ರೂವರ್ ಎಂಬ ನಟನನ್ನು ಕರೆತಂದರು. ರಬ್ಬರಿನ ತುಣುಕುಗಳನ್ನು ಮುಖಕ್ಕೆ ಅಂಟಿಸಿ, ಬಣ್ಣ ಬಳಿದು, ಫೈಬರ್ ಗಾಜಿನ ಗಟ್ಟಿ ಕೋಟು ತೊಡಿಸಿದರು. ಈ ಸಿಂಗಾರಕ್ಕೇ ಗಂಟೆಗಟ್ಟಲೆ ಸಮಯ ಬೇಕಾಗುತ್ತಿತ್ತು. ನಮ್ಮ ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿಯಲ್ಲಿ ಕೂತು ರಾಕ್ಷಸನಾಗುವಂತೆ, ಫ್ರೂವರ್ ಗಂಟೆಗಟ್ಟಲೆ ಕೂತು ಯಂತ್ರವಾಗುತ್ತಿದ್ದರು. ಹಿನ್ನೆಲೆಯಲ್ಲಿ ತಿರುಗುತ್ತಿದ್ದ ಗೆರೆಗಳು ಕೂಡಾ ಆರಂಭದಲ್ಲಿ ಕೈಯಿಂದ ಬಿಡಿಸಿದ ಅನಿಮೇಶನ್ ಆಗಿದ್ದವು. ಕಂಪ್ಯೂಟರ್ ಗೆರೆಗಳು ಬಂದದ್ದು ಆ ಮೇಲೆ. ಮಾತು ತಡವರಿಸುವುದು, ತಲೆ ಜಿಗಿದಂತೆ ಕಾಣುವುದು ಇವೆಲ್ಲ ಸಂಕಲನದ ಕೈಚಳಕ. ಒಂದು ಮಾತಿನಲ್ಲಿ ಹೇಳುವುದಾದರೆ, ಕಂಪ್ಯೂಟರ್ ಎಂದು ಜನ ನೋಡಿದ್ದು ಮನುಷ್ಯನ ಬೆವರನ್ನು.

ಕಥೆಯೊಳಗಿನ ಎಚ್ಚರಿಕೆ

ಮ್ಯಾಕ್ಸ್‌ನ ಹುಟ್ಟಿಗೆ ಒಂದು ಕಥೆ ಬೇಕೆಂದು ಮೊದಲು ಒಂದು ಟಿವಿ ಚಿತ್ರ ಮಾಡಿದರು. 1985ರ ಎಪ್ರಿಲ್ 4ರಂದು ಅದು ಪ್ರಸಾರವಾಯಿತು. ಎರಡು ದಿನಗಳ ಬಳಿಕ ಮ್ಯಾಕ್ಸ್‌ನ ಕಾರ್ಯಕ್ರಮ ಶುರುವಾಯಿತು. ಇಂದಿನಿಂದ ಕೇವಲ 20 ನಿಮಿಷ ಮುಂದಿನ ಭವಿಷ್ಯ ಎಂಬುದು ಆ ಚಿತ್ರದ ಉಪಶೀರ್ಷಿಕೆಯ ಅರ್ಥ.

ಕಥೆ ಹೀಗಿದೆ. ಟಿವಿ ಚಾನೆಲ್‌ಗಳೇ ಆಳುವ ಒಂದು ನಗರ. ನೆಟ್‌ವರ್ಕ್ 23 ಎಂಬ ಚಾನೆಲ್ಲಿನಲ್ಲಿ ಎಡಿಸನ್ ಕಾರ್ಟರ್ ಎಂಬ ವರದಿಗಾರ. ಜಾಹೀರಾತು ಬಂದ ಕೂಡಲೇ ವೀಕ್ಷಕರು ಬೇರೆ ಚಾನೆಲ್ ಹಾಕುತ್ತಾರೆಂಬ ಚಿಂತೆಯಿಂದ, 30 ಸೆಕೆಂಡುಗಳ ಜಾಹೀರಾತನ್ನು 3 ಸೆಕೆಂಡಿಗೆ ಅದುಮಿ ತೋರಿಸುವ ಉಪಾಯವೊಂದನ್ನು ಚಾನೆಲ್ ಕಂಡುಕೊಂಡಿದೆ. ಅದನ್ನು ನೋಡಿದ ಕೆಲವರು ಕೂತಲ್ಲೇ ಸಿಡಿದು ಸಾಯುತ್ತಾರೆ. ತನ್ನ ಚಾನೆಲ್ಲಿನ ಈ ಪಾತಕವನ್ನು ಪತ್ತೆ ಮಾಡಿದ ಎಡಿಸನ್ ಮೋಟಾರ್ ಬೈಕಿನಲ್ಲಿ ತಪ್ಪಿಸಿಕೊಳ್ಳುವಾಗ ವಾಹನ ನಿಲ್ದಾಣದ ತಡೆಗಂಬಕ್ಕೆ ಬಡಿಯುತ್ತಾನೆ. ಪ್ರಜ್ಞೆ ತಪ್ಪುವ ಮೊದಲು ಅವನು ಕಂಡದ್ದು ತಡೆಗಂಬದ ಮೇಲಿನ ಬರಹ. ಇಷ್ಟು ಎತ್ತರದ ವಾಹನ ಮಾತ್ರ ಒಳಗೆ ಹೋಗಬಹುದು ಎಂದು ಬ್ರಿಟನ್ನಿನಲ್ಲಿ ಬರೆಯುವ ಮಾತು ಅದು: ಮ್ಯಾಕ್ಸ್ ಹೆಡ್‌ರೂಮ್, ಅಂದರೆ ಗರಿಷ್ಠ ಎತ್ತರ.

ಜನಪ್ರಿಯ ವರದಿಗಾರ ಏಕಾಏಕಿ ಕಾಣೆಯಾದರೆ ವೀಕ್ಷಕರು ಕೇಳುತ್ತಾರೆ. ಅದಕ್ಕಾಗಿ ಚಾನೆಲ್ಲಿನವರು ಅವನ ಮಿದುಳಿನ ನಕಲನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಆ ನಕಲು ಬಾಯಿ ತೆರೆದು ಆಡಿದ ಮೊದಲ ಮಾತೇ ಅವನ ಹೆಸರಾಗುತ್ತದೆ.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಚಾನೆಲ್ಲಿಗೆ ಬೇಕಾಗಿದ್ದದ್ದು ಎಡಿಸನ್‌ನ ಮುಖ ಮತ್ತು ಧ್ವನಿ. ಬೇಡವಾಗಿದ್ದದ್ದು ಅವನ ಪ್ರಶ್ನೆ. ಮುಖವನ್ನು ಉಳಿಸಿಕೊಂಡು ಪ್ರಶ್ನೆಯನ್ನು ತೆಗೆದು ಹಾಕಲು ಸಾಧ್ಯವೇ ಎಂಬ ಪ್ರಯೋಗದಿಂದ ಹುಟ್ಟಿದವನು ಮ್ಯಾಕ್ಸ್. ಕಥೆಯಲ್ಲಿ ಆ ಪ್ರಯೋಗ ಸೋಲುತ್ತದೆ. ನಕಲು ಹೇಳಿದಂತೆ ಕೇಳುವುದಿಲ್ಲ, ಬಾಯಿಗೆ ಬಂದದ್ದನ್ನು ಆಡುತ್ತದೆ. ಕೊನೆಗೆ ಬೀದಿ ಬದಿಯ ಒಂದು ಕಳ್ಳ ಚಾನೆಲ್ಲಿನ ಪಾಲಾಗಿ ಅಲ್ಲಿಂದ ಜನರನ್ನು ನಗಿಸುತ್ತದೆ.

ಅಣಕವೇ ಸರಕಾದಾಗ

ಕಥೆಯಲ್ಲಿ ಸೋತ ಪ್ರಯೋಗ ಹೊರಗಿನ ಜಗತ್ತಿನಲ್ಲಿ ಗೆದ್ದಿತು. 1985ರ ಎಪ್ರಿಲ್‌ನಲ್ಲಿ ಕೋಕಾ ಕೋಲಾ ಕಂಪೆನಿಯು ತನ್ನ ಪಾನೀಯದ ರುಚಿಯನ್ನು ಬದಲಾಯಿಸಿತ್ತು. ಅಮೆರಿಕದ ಗ್ರಾಹಕರು ಎಷ್ಟು ರೇಗಿದರೆಂದರೆ ಜುಲೈ ತಿಂಗಳಲ್ಲೇ ಹಳೆಯ ರುಚಿಯನ್ನು ಮತ್ತೆ ತರಬೇಕಾಯಿತು. ಹೊಸ ರುಚಿಯನ್ನು ಹೇಗಾದರೂ ಯುವಜನರಿಗೆ ಮಾರಬೇಕೆಂದು ಕಂಪೆನಿ ಹುಡುಕಿದಾಗ ಅದಕ್ಕೆ ಸಿಕ್ಕಿದವನು ಮ್ಯಾಕ್ಸ್. 1986ರಿಂದ ಆತ ಅಮೆರಿಕದ ಟಿವಿಯಲ್ಲಿ ಕೋಕ್ ಕುಡಿಯಿರೆಂದು ತಡವರಿಸತೊಡಗಿದ. ಪ್ರತಿಸ್ಪರ್ಧಿ ಪಾನೀಯದ ಹೆಸರನ್ನು ಬಾಯಲ್ಲಿ ಆಡುವುದೂ ಪಾಪವೆಂಬಂತೆ ಹಾಸ್ಯ ಮಾಡಿದ. ಆ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಕೋಕಾ ಕೋಲಾ ಇರಲಿಲ್ಲ. 1977ರಲ್ಲಿ ಹೊರಹೋದ ಅದು ಮರಳಿದ್ದು 1993ರಲ್ಲಿ.

ಜಾಹೀರಾತು ಮನುಷ್ಯರನ್ನು ಕೊಲ್ಲುತ್ತದೆ ಎಂಬ ಕಥೆಯಿಂದ ಹುಟ್ಟಿದವನು ಜಾಹೀರಾತಿನವನಾದ. ಇದನ್ನು ವ್ಯಂಗ್ಯವೆಂದು ನಕ್ಕು ಬಿಡಬಹುದು. ಆದರೆ ಕೊಳ್ಳುಬಾಕ ಸಂಸ್ಕೃತಿಯ ಸ್ವಭಾವವೇ ಅದು. ತನ್ನನ್ನು ಟೀಕಿಸುವವನ ಮಾತಿಗೆ ಅದು ಉತ್ತರ ಕೊಡುವುದಿಲ್ಲ, ಅವನಿಗೆ ಸಂಬಳ ಕೊಡುತ್ತದೆ.

1987ರ ಮಾರ್ಚ್ 31ರಂದು ಅಮೆರಿಕದ ಎಬಿಸಿ ಜಾಲ ಮ್ಯಾಕ್ಸ್‌ನ ಕಥೆಯನ್ನು ಧಾರಾವಾಹಿಯಾಗಿ ಆರಂಭಿಸಿತು. ಎಡಿಸನ್ ಮತ್ತು ಮ್ಯಾಕ್ಸ್ ಎರಡೂ ಪಾತ್ರಗಳಲ್ಲಿ ಫ್ರೂವರ್ ಅವರೇ ಇದ್ದರು. ಮರು ತಿಂಗಳು ನ್ಯೂಸ್‌ವೀಕ್ ಪತ್ರಿಕೆಯ ಮುಖಪುಟದಲ್ಲಿ ಮ್ಯಾಕ್ಸ್‌ನ ಚಿತ್ರ ಬಂತು. ಧಾರಾವಾಹಿಯ ನಗರದಲ್ಲಿ ಟಿವಿಯನ್ನು ಆರಿಸುವ ಗುಂಡಿ ಇಟ್ಟುಕೊಳ್ಳುವುದು ಅಪರಾಧ. ಸರಕಾರಿ ದಾಖಲೆಗಳ ಕಂಪ್ಯೂಟರ್‌ನಲ್ಲಿ ಹೆಸರಿಲ್ಲದವರನ್ನು ಖಾಲಿ ಮನುಷ್ಯರೆಂದು ಕರೆಯುತ್ತಾರೆ. ವೀಕ್ಷಕರ ಸಂಖ್ಯೆ ಕ್ಷಣಕ್ಷಣಕ್ಕೂ ಪರದೆಯ ಮೇಲೆ ಏರಿಳಿಯುತ್ತದೆ, ಅದನ್ನು ನೋಡಿಕೊಂಡೇ ಸುದ್ದಿಯ ಭವಿಷ್ಯ ನಿರ್ಧಾರವಾಗುತ್ತದೆ. ವೀಕ್ಷಕರ ಸಂಖ್ಯೆಯ ದಾಸ್ಯವನ್ನು ಇಷ್ಟು ಚೆನ್ನಾಗಿ ಬಯಲು ಮಾಡಿದ ಧಾರಾವಾಹಿಯು ವೀಕ್ಷಕರ ಸಂಖ್ಯೆ ಸಾಲದೆ 14 ಕಂತುಗಳಿಗೇ ನಿಂತು ಹೋಯಿತು. 1988ರ ಹೊತ್ತಿಗೆ ಮ್ಯಾಕ್ಸ್‌ನ ಅಬ್ಬರ ಮುಗಿದಿತ್ತು.

ಶಿಕಾಗೋದ ಆ ರಾತ್ರಿ

ಅಬ್ಬರ ಮುಗಿಯುವ ಮೊದಲು ನಡೆದ ಒಂದು ಘಟನೆ ಟಿವಿ ಇತಿಹಾಸದಲ್ಲಿ ಉಳಿದುಕೊಂಡಿದೆ. 1987ರ ನವೆಂಬರ್ 22ರ ರಾತ್ರಿ ಶಿಕಾಗೋ ನಗರದ ಡಬ್ಲ್ಯುಜಿಎನ್ ಚಾನೆಲ್ಲಿನ 9 ಗಂಟೆಯ ವಾರ್ತೆಯಲ್ಲಿ ಕ್ರೀಡಾ ಸುದ್ದಿ ಬರುತ್ತಿದ್ದಾಗ ಪರದೆ ಕಪ್ಪಾಯಿತು. ಮರುಕ್ಷಣ ಮ್ಯಾಕ್ಸ್ ಹೆಡ್‌ರೂಮ್‌ನ ಮುಖವಾಡ ತೊಟ್ಟ ವ್ಯಕ್ತಿಯೊಬ್ಬ ಕಾಣಿಸಿಕೊಂಡ. ಹಿಂದೆ ಅತ್ತಿತ್ತ ಅಲುಗಾಡುವ ತಗಡಿನ ಹಾಳೆ, ಕಿವಿಗೆ ಬರೀ ಗುಂಯ್‌ಗುಡುವ ಸದ್ದು. ಇಂಜಿನಿಯರ್‌ಗಳು ಅರ್ಧ ನಿಮಿಷದೊಳಗೆ ತರಂಗಾಂತರ ಬದಲಾಯಿಸಿ ಅವನನ್ನು ಹೊರಗಟ್ಟಿದರು. ಸುಮಾರು ಎರಡು ಗಂಟೆಗಳ ಬಳಿಕ ಅದೇ ಮುಖವಾಡ ಡಬ್ಲ್ಯುಟಿಟಿಡಬ್ಲ್ಯು ಚಾನೆಲ್ಲಿನಲ್ಲಿ ಡಾಕ್ಟರ್ ಹೂ ಧಾರಾವಾಹಿಯ ನಡುವೆ ಬಂತು. ಈ ಬಾರಿ ತಡೆಯುವವರಿರಲಿಲ್ಲ. ಪ್ರಸಾರ ಗೋಪುರದಲ್ಲಿ ಆ ಹೊತ್ತು ಇಂಜಿನಿಯರ್ ಇರಲಿಲ್ಲವಾದ್ದರಿಂದ ಒಂದೂವರೆ ನಿಮಿಷ ಕಾಲ ಅವನು ಹುಚ್ಚುಹುಚ್ಚಾಗಿ ಮಾತಾಡಿದ. ಪೆಪ್ಸಿ ಡಬ್ಬಿ ಹಿಡಿದು ಕೋಕ್ ಜಾಹೀರಾತಿನ ಘೋಷಣೆ ಹೇಳಿದ, ಅಸಭ್ಯವಾಗಿ ವರ್ತಿಸಿ ಮಾಯವಾದ.

ಸ್ಟುಡಿಯೋದಿಂದ ಪ್ರಸಾರ ಗೋಪುರಕ್ಕೆ ಹೋಗುವ ಸಂಕೇತಕ್ಕಿಂತ ಬಲವಾದ ಸಂಕೇತವನ್ನು ಗೋಪುರದತ್ತ ಕಳುಹಿಸಿದರೆ ಗೋಪುರವು ಬಲವಾದುದನ್ನೇ ಹಿಡಿದು ಪ್ರಸಾರ ಮಾಡುತ್ತದೆ. ಕಿಡಿಗೇಡಿಗಳು ಬಳಸಿದ್ದು ಇದೇ ಲೋಪವನ್ನು. ಅಮೆರಿಕದ ಸಂಪರ್ಕ ಆಯೋಗ ತನಿಖೆ ನಡೆಸಿತು. ಆದರೆ ಅವರು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ಯಾರದೂ ಅಲ್ಲದ ಮುಖವನ್ನು ಯಾರು ಬೇಕಾದರೂ ತೊಡಬಹುದು, ಅದರ ಹಿಂದೆ ನಿಂತು ಏನು ಬೇಕಾದರೂ ಆಡಬಹುದು, ಆಡಿದ ಮಾತಿಗೆ ಉತ್ತರ ಕೊಡಬೇಕಾದವರು ಇರುವುದಿಲ್ಲ. ಇಂದು ನಾವು ನಕಲಿ ವೀಡಿಯೋಗಳೆಂದು ಕರೆಯುವ ಪಿಡುಗಿನ ಮೊದಲ ನೆರಳು ಆ ರಾತ್ರಿ ಶಿಕಾಗೋದ ಪರದೆಗಳ ಮೇಲೆ ಬಿದ್ದಿತ್ತು.

ಎರಡು ವರ್ಷಗಳ ಬಳಿಕ, 1989ರಲ್ಲಿ ಬಂದ ಬ್ಯಾಕ್ ಟು ದಿ ಫ್ಯೂಚರ್ ಚಿತ್ರದ ಎರಡನೇ ಭಾಗದಲ್ಲಿ ಒಂದು ಹೋಟೆಲ್ ದೃಶ್ಯವಿದೆ. ಅಲ್ಲಿ ಊಟದ ಆರ್ಡರ್ ಪಡೆಯುವವರು ಮ್ಯಾಕ್ಸ್‌ನ ಶೈಲಿಯಲ್ಲಿ ತಡವರಿಸುವ ರೊನಾಲ್ಡ್ ರೇಗನ್, ಮೈಕೆಲ್ ಜಾಕ್ಸನ್ ಮತ್ತು ಇರಾನಿನ ಆಯತುಲ್ಲಾ ಖುಮೈನಿ! ಒಬ್ಬ ಅಧ್ಯಕ್ಷ, ಒಬ್ಬ ಗಾಯಕ, ಒಂದು ಕ್ರಾಂತಿಯ ನಾಯಕ ಎಲ್ಲರೂ ಹೋಟೆಲಿನ ಮಾಣಿಗಳು. ಖುಮೈನಿ ತೀರಿಕೊಂಡದ್ದು ಅದೇ ವರ್ಷದ ಜೂನ್‌ನಲ್ಲಿ. ಅವರ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸತ್ತವರ ಮುಖಕ್ಕೂ ರಕ್ಷಣೆಯಿಲ್ಲದ ಕಾಲವೊಂದು ಬರಲಿದೆ ಎಂಬ ಸೂಚನೆ ಆ ದೃಶ್ಯದಲ್ಲಿತ್ತು.

ಈಗ ವೇಷ ತಿರುವುಮುರುವು

2018ರ ನವೆಂಬರ್‌ನಲ್ಲಿ ಚೀನಾದ ಕ್ಸಿನ್‌ಹುವಾ ಸುದ್ದಿಸಂಸ್ಥೆ ಇಬ್ಬರು ನಿಜ ವಾರ್ತಾವಾಚಕರ ರೂಪದಲ್ಲಿ ಕೃತಕ ವಾಚಕರನ್ನು ತಯಾರಿಸಿ ತೋರಿಸಿತು. ಅವರು ದಿನದ 24 ಗಂಟೆಯೂ ದಣಿಯದೆ ದುಡಿಯುತ್ತಾರೆ, ಖರ್ಚೂ ಕಡಿಮೆ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. 2023ರಲ್ಲಿ ನಮ್ಮ ದೇಶದಲ್ಲೂ ಸಾಲು ಶುರುವಾಯಿತು. ಆಜ್‌ತಕ್‌ನಲ್ಲಿ ಸನಾ, ಒಡಿಶಾದ ಓಟಿವಿಯಲ್ಲಿ ಲೀಸಾ, ಜುಲೈ ತಿಂಗಳಲ್ಲಿ ನಮ್ಮ ಕನ್ನಡದ ಪವರ್ ಟಿವಿಯಲ್ಲಿ ಸೌಂದರ್ಯ. 2024ರ ಮೇ ತಿಂಗಳಲ್ಲಿ ಸರಕಾರಿ ವಾಹಿನಿ ಡಿಡಿ ಕಿಸಾನ್ ಕೂಡಾ ಕ್ರಿಶ್ ಮತ್ತು ಭೂಮಿ ಎಂಬಿಬ್ಬರನ್ನು ತಂದಿತು. 1985ರಲ್ಲಿ ಮನುಷ್ಯನೊಬ್ಬ ಯಂತ್ರದ ವೇಷ ತೊಟ್ಟಿದ್ದ. ಈಗ ಯಂತ್ರ ಮನುಷ್ಯನ ವೇಷ ತೊಟ್ಟಿದೆ.

ಪವರ್ ಟಿವಿಯಲ್ಲಿ ಸೌಂದರ್ಯ ಕಾಣಿಸಿಕೊಂಡ ಅದೇ 2023ರ ಜುಲೈಯಲ್ಲಿ ಅಮೆರಿಕದ ಸಿನಿಮಾ ಮತ್ತು ಟಿವಿ ನಟರು ಮುಷ್ಕರಕ್ಕೆ ಇಳಿದರು. 118 ದಿನಗಳ ಆ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಒಂದು, ತಮ್ಮ ಮುಖ ಮತ್ತು ಧ್ವನಿಯ ಡಿಜಿಟಲ್ ನಕಲನ್ನು ತಮ್ಮ ಒಪ್ಪಿಗೆಯಿಲ್ಲದೆ, ಸಂಭಾವನೆ ಕೊಡದೆ ಬಳಸಬಾರದು ಎಂಬುದಾಗಿತ್ತು. ಎಡಿಸನ್ ಕಾರ್ಟರ್‌ನ ಕಥೆ ಹೀಗೆ ಕಾರ್ಮಿಕ ಹಕ್ಕಿನ ಪ್ರಶ್ನೆಯಾಗಿ ಬೀದಿಗೆ ಬಂತು.

ತಂತ್ರಜ್ಞಾನವನ್ನು ದೂರುವುದು ನಮ್ಮ ಉದ್ದೇಶವಲ್ಲ. ಒಂದು ಯಂತ್ರ ಮಳೆಯ ಮುನ್ಸೂಚನೆಯನ್ನೋ ಅಡಿಕೆಯ ದರವನ್ನೋ ಓದಿ ಹೇಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಸುದ್ದಿ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಊರಿನ ಗಲಭೆಯ ಬಗ್ಗೆ, ಒಂದು ಸಮುದಾಯದ ಬಗ್ಗೆ, ಬಂಧಿತನಾದ ಒಬ್ಬ ಯುವಕನ ಬಗ್ಗೆ ತಪ್ಪು ಸುದ್ದಿ ಓದಿದಾಗ, ಓದಿದವರನ್ನು ಹೆಸರು ಹಿಡಿದು ಕೇಳುವ ಹಕ್ಕು ಜನರಿಗಿದೆ. ಮನುಷ್ಯ ವಾಚಕ ನಾಚಬಲ್ಲ, ಕ್ಷಮೆ ಕೇಳಬಲ್ಲ, ಇದನ್ನು ನಾನು ಓದಲಾರೆ ಎಂದು ಎದ್ದು ಹೋಗಬಲ್ಲ. ಈ ಮೂರೂ ಯಂತ್ರದಿಂದ ಸಾಧ್ಯವಿಲ್ಲ. ಯಂತ್ರದ ಮುಖ ಅಗ್ಗವಾಗಿರುವುದು ಸಂಬಳ ಉಳಿಯುವುದರಿಂದ ಮಾತ್ರವಲ್ಲ, ಆತ್ಮಸಾಕ್ಷಿಯ ಕಾಟವೂ ಅದಕ್ಕಿಲ್ಲ ಎಂಬುದರಿಂದ.

2007ರಲ್ಲಿ ಬ್ರಿಟನ್ ಡಿಜಿಟಲ್ ಪ್ರಸಾರಕ್ಕೆ ಬದಲಾಗುತ್ತಿದ್ದಾಗ ಚಾನೆಲ್ 4 ಅದರ ಪ್ರಚಾರಕ್ಕೆ ಮ್ಯಾಕ್ಸ್‌ನನ್ನು ಮತ್ತೆ ಕರೆತಂದಿತ್ತು. ಫ್ರೂವರ್ ಅವರೇ ಮತ್ತೆ ವೇಷ ತೊಟ್ಟರು. ಆದರೆ ಈ ಬಾರಿ ಮ್ಯಾಕ್ಸ್‌ನ ಮುಖದಲ್ಲಿ ಸುಕ್ಕುಗಳಿದ್ದವು. ಎಂದೂ ಮುದಿಯಾಗದ ಯಂತ್ರಕ್ಕೆ ವಯಸ್ಸಾಗಿತ್ತು, ಏಕೆಂದರೆ ಒಳಗೆ ಒಬ್ಬ ಮನುಷ್ಯನಿದ್ದ. ಇಂದು ನಮ್ಮ ಪರದೆಗಳ ಮೇಲೆ ಸಾಲಾಗಿ ಬಂದು ನಿಲ್ಲುತ್ತಿರುವ ಸುಂದರ ಮುಖಗಳಿಗೆ ಎಂದೂ ಸುಕ್ಕು ಬೀಳದು. ಅವು ಸುಳ್ಳು ಹೇಳಿದ ದಿನ ನಾವು ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಯನ್ನು ಆ ಮುಖಗಳನ್ನು ಹೊಗಳುವ ಮೊದಲೇ ನಾವು ಕೇಳಿಟ್ಟುಕೊಳ್ಳುವುದು ಒಳ್ಳೆಯದು.